ಬೆರಳು ಮಡಚದೆ

ನನ್ನಕ್ಕ ಶೂ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಕಂಡವರ ಕಾಲಿಗೆ ಶೂ ತೊಡಿಸುವುದು, ಬಿಚ್ಚುವುದು, ಡಬ್ಬಕ್ಕೆ ತುಂಬುವುದು. ಇಂಥವಳು ಮೂವತ್ತು ದಾಟಿದ ಮೇಲೆ ಬ್ಯಾಲೆ ನೃತ್ಯ ಕಲಿಯುತ್ತೇನೆಂದು ಹಟ ಹಿಡಿದಾಗ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ಅವಳು ನಗಲಿಲ್ಲ.

ಅವಳ ಆಸೆ ಒಂದೇ: ಬೆರಳ ತುದಿಯ ಮೇಲೆ ನಿಲ್ಲಲು ಹಾಕುವ, ಗಟ್ಟಿ ಮೂತಿಯ ಪಾಯಿಂಟ್ ಶೂ. ಪಾದದಲ್ಲಿ ಬಲವಿಲ್ಲದವರು ಅದನ್ನು ಹಾಕಿದರೆ ಕಾಲಿಗೇ ಪೆಟ್ಟು. ಹಾಗಾಗಿ ನೃತ್ಯ ಕಲಿಸುವ ಟೀಚರ್ ಪರೀಕ್ಷೆ ಮಾಡದೆ ಯಾರಿಗೂ ಅನುಮತಿ ಕೊಡುವುದಿಲ್ಲ. ಪರೀಕ್ಷೆಗೆ ಮೊದಲು ವ್ಯಾಯಾಮ. ಬೆರಳು ಮಡಚದೆ ಪಾದದಡಿಯ ನಡುವಿನ ಕಮಾನನ್ನಷ್ಟೇ ಮೇಲೆತ್ತಬೇಕು. ಉಳಿದ ಬೆರಳು ನೆಲ ಬಿಡದೆ ಹೆಬ್ಬೆರಳೊಂದೇ ಏಳಬೇಕು. ಒಂಟಿಕಾಲಲ್ಲಿ ಹಿಮ್ಮಡಿ ಎತ್ತಿದರೂ ಬೆರಳು ಮಡಚಬಾರದು. ಇದೇನು ಮಹಾ ಎನ್ನುವವರು ಒಮ್ಮೆ ಮಾಡಿ ನೋಡಲಿ.

"ಅಲ್ಲ ಕಣೇ, ಕೈಬೆರಳು ಸಾಕಾಗ್ತಿಲ್ವಾ ನಿಂಗೆ? ನಾಳೆಯಿಂದ ತರಕಾರೀನೂ ಕಾಲಲ್ಲೇ ಹೆಚ್ತೀಯಾ?" ಎಂದಳು ಅಮ್ಮ. ಅಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ.

ಮನೆಯಲ್ಲಿ ಹೊತ್ತು ಸಾಲದೆ ಅಂಗಡಿಯಲ್ಲೂ ಶುರುಹಚ್ಚಿಕೊಂಡಳು. ಗಿರಾಕಿ ಹೊಸ ಶೂ ಹಾಕಿಕೊಂಡು ಅತ್ತಿತ್ತ ನಡೆದು ನೋಡುವಾಗ ಇವಳು ತನ್ನ ಶೂ ಒಳಗೇ ಕಮಾನು ಎತ್ತುತ್ತಿದ್ದಳು. ಯಾರಿಗೂ ಕಾಣುತ್ತಿರಲಿಲ್ಲ. ಅವಳಿಗೂ ಕಾಣುತ್ತಿರಲಿಲ್ಲ, ಎಡವಟ್ಟಾದದ್ದು ಅಲ್ಲೇ.

ಪರೀಕ್ಷೆಯ ದಿನ ಟೀಚರ್ ಅವಳ ಬರಿಗಾಲು ನೋಡಿ ಹಣೆ ಚಚ್ಚಿಕೊಂಡರು. ಬೆರಳುಗಳೆಲ್ಲ ಕೊಕ್ಕೆಯ ಹಾಗೆ ಮಡಚಿ ನೆಲ ಕಚ್ಚಿದ್ದವು.

"ಏನಮ್ಮಾ ಇದು? ಬೆರಳಿಗೆ ಮುಷ್ಟಿ ಕಟ್ಟೋದು ಕಲಿಸಿದ್ದೀಯಲ್ಲ! ಕಮಾನು ಆರಾಮಾಗಿ ಮಲಗಿದೆ. ಇನ್ನೊಂದೇ ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಆ ಶೂ ಆಸೆ ಬಿಟ್ಬಿಡು."

ನಾನಾಗಿದ್ದರೆ ಅಲ್ಲಿಗೇ ಕೈಮುಗಿದು ಬರುತ್ತಿದ್ದೆ. ಅಕ್ಕ ಮನೆಗೆ ಬಂದವಳೇ ಗೋಡೆಯ ಕನ್ನಡಿ ಇಳಿಸಿ ನೆಲದ ಮೇಲೆ ಒರಗಿಸಿಟ್ಟಳು. ಅದರೆದುರು ಬರಿಗಾಲಲ್ಲಿ ನಿಲ್ಲುವಳು. ಒಂದು ಬೆರಳು ಕೊಂಕಿದರೂ ಮತ್ತೆ ಮೊದಲಿಂದ. ತಿಂಗಳುಗಟ್ಟಲೆ ಇದೇ ಪಾಡು. ಪಾದ ಸೆಳೆದು ಹಲ್ಲು ಕಚ್ಚಿ ಕೂತದ್ದೂ ಉಂಟು. ಅಮ್ಮ ತಲೆ ಬಾಚಿಕೊಳ್ಳಲು ನೆಲದಲ್ಲಿ ಕೂರಬೇಕಾಯಿತು. ಗೊಣಗುತ್ತಲೇ ಬಾಚಿಕೊಂಡಳು, ಆದರೆ ಕನ್ನಡಿಯನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ.

ಎರಡನೆಯ ಪರೀಕ್ಷೆಗೆ ನಾನೂ ಜೊತೆಗೆ ಹೋದೆ. ಅಕ್ಕ ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿದಳು, ಇಳಿಸಿದಳು. ಕಾಲು ಬದಲಿಸಿ ಮತ್ತೆ ಎತ್ತಿದಳು. ಟೀಚರ್ ಸುತ್ತ ನಡೆದು ನೋಡಿ, "ಸರಿ, ಪಾಸು" ಎಂದರು. ನನಗೆ ಹೋದ ಜೀವ ಬಂದಂತಾಯಿತು.

"ಇಲ್ಲ ಟೀಚರ್," ಎಂದಳು ಅಕ್ಕ. "ಎಡಗಾಲಲ್ಲಿ ಬೆರಳು ಮಡಚ್ತು. ನೀವಾಗ ಹಿಂದೆ ಇದ್ರಿ. ಇನ್ನೊಂದ್ಸಲ ಮಾಡ್ತೀನಿ."

ಬಾಯಿ ಮುಚ್ಚೇ ಎಂದು ಕಿರುಚಬೇಕೆನಿಸಿತು. ಕೈಗೆ ಬಂದದ್ದನ್ನು ತಾನೇ ಒದೆಯುತ್ತಾಳಲ್ಲ ಎಂದು ಮೈಯೆಲ್ಲ ಉರಿದುಹೋಯಿತು.

ಟೀಚರ್ ಅವಳ ಪಾದದ ಮುಂದೆ ನೆಲದಲ್ಲೇ ಕೂತರು. ಅಕ್ಕ ಎಡಗಾಲಿನ ಹಿಮ್ಮಡಿ ಎತ್ತಿದಳು. ಮೀನಖಂಡ ಗಡಗಡ ನಡುಗಿತು. ಬೆರಳುಗಳು ಮಾತ್ರ ನೀಳವಾಗಿ, ಹರಡಿಕೊಂಡು, ಹಾಗೇ ಇದ್ದವು. ನಿಧಾನಕ್ಕೆ ಇಳಿಸಿದಳು.

"ಈಗ ಮಡಚಲಿಲ್ಲ," ಎಂದಳು, ಟೀಚರ್ ಹೇಳುವ ಮೊದಲೇ. "ಹೌದು. ಶೂ ತಗೋ," ಎಂದರು ಟೀಚರ್. ಅಕ್ಕ ಅಲ್ಲೇ ಕುಸಿದು ಕೂತು, ಎರಡೂ ಪಾದ ಹಿಡಿದುಕೊಂಡು ಗೊಳೋ ಎಂದು ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ.