ಹಿಡಿತ ಬಿಡಿಸಿಕೊಳ್ಳಲು ಕಲಿಸಹೋದ ಮೂರು ದಿನ

ಚನ್ನಗಿರಿಯಿಂದ ನಾನೂ ರೆಹಾನಾಳೂ ಹೊರಟದ್ದು ಬುಧವಾರ ಬೆಳಗ್ಗೆ ಏಳೂಕಾಲು ಗಂಟೆಯ ಖಾಸಗಿ ಬಸ್ಸಿಗೆ. ಹೊನ್ನಾಳಿಗೆ ಒಂದೂವರೆ ತಾಸಿನ ದಾರಿ, ಟಿಕೆಟ್ಟು ತಲೆಗೆ ಅರವತ್ತು ರೂಪಾಯಿ. ನಾನು ಹನ್ನೊಂದು ವರ್ಷದಿಂದ ಊರಿನಲ್ಲಿ ಹೆಣ್ಣುಮಕ್ಕಳಿಗೆ ಕರಾಟೆ ಕಲಿಸುತ್ತಿದ್ದೇನೆ. ಕೆರೆಬಿಳಚಿಯ ರೆಹಾನಾ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಜೊತೆಗಾರ್ತಿ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಹೆಣ್ಣುಮಕ್ಕಳ ಹಾಸ್ಟೆಲ್‌ಗಳಲ್ಲಿ ಆತ್ಮರಕ್ಷಣೆಯ ಪಾಠ ತೋರಿಸಿ ಬರುವ ಕೆಲಸ ನಮಗೆ ಸಿಕ್ಕಿತ್ತು. ಅವಳು ಹಿಡಿಯುವುದು, ನಾನು ಬಿಡಿಸಿಕೊಳ್ಳುವುದು. ಯಾವ ಕ್ಷಣಕ್ಕೆ ಬೀಳಬೇಕೆಂದು ಅವಳ ಮೈಗೇ ಗೊತ್ತಿತ್ತು.

ಯಾರಿಗೂ ಹೇಳದ ಅಳುಕೊಂದು ನನ್ನೊಳಗಿತ್ತು. ಅಷ್ಟು ವರ್ಷದಲ್ಲಿ ಒಬ್ಬರೂ ನನ್ನ ಮೇಲೆ ನಿಜವಾಗಿ ಕೈಮಾಡಿರಲಿಲ್ಲ. ಮಾಡಿದರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಹೊನ್ನಾಳಿಯಲ್ಲಿ ಎಲ್ಲ ಸಲೀಸಾಗಿ ಮುಗಿಯಿತು, ಹುಡುಗಿಯರು ಚಪ್ಪಾಳೆ ತಟ್ಟಿದರು. ಆಮೇಲೆ ಕೈತೊಳೆಯಲು ಹೋದ ರೆಹಾನಾ ಒದ್ದೆ ಮೆಟ್ಟಿಲ ಮೇಲೆ ಜಾರಿದಳು. ನೋಡನೋಡುತ್ತಲೇ ಪಾದ ಊದಿಕೊಂಡಿತು.

"ಕಾಲು ಊರಾಕೆ ಆಗ್ತಿಲ್ಲ ಅಕ್ಕ," ಎಂದಳು. "ನೀವು ಹೋಗ್ರಿ. ಅಲ್ಲೇ ಯಾವ್ದಾದ್ರೂ ಹುಡುಗೀನ ಕರೀರಿ. ನಾ ಹಿಡ್ದಂಗೇ ಹಿಡಿಯಾಕೆ ಹೇಳ್ರಿ, ಆಯ್ತು."

ಅವಳಣ್ಣ ಬಂದು ಆಟೋದಲ್ಲಿ ಕರೆದೊಯ್ದ. ನಾನು ಅಲ್ಲೇ ಉಳಿದು ಮರುದಿನ ಒಬ್ಬಳೇ ನ್ಯಾಮತಿಗೆ ಹೊರಟೆ. ಮುಕ್ಕಾಲು ತಾಸಿನ ದಾರಿ. ಇಕ್ಕೆಲದ ಮೆಕ್ಕೆಜೋಳ ಆಳೆತ್ತರ ಬೆಳೆದಿತ್ತು, ಕಣ್ಣು ಅದರ ಮೇಲೆ ನಿಲ್ಲಲಿಲ್ಲ.

ನ್ಯಾಮತಿಯಲ್ಲಿ ಎಪ್ಪತ್ತು ಹುಡುಗಿಯರು ಕೂತಿದ್ದರು. ಯಾರು ಬರುತ್ತೀರಿ ಎಂದು ಕೇಳಿದೆ. ಎದ್ದು ಬಂದವಳು ಗಟ್ಟಿಮುಟ್ಟಾದ ಕಬಡ್ಡಿ ಆಟಗಾರ್ತಿ.

"ಸುಮ್ನೆ ಹಿಡ್ಕಳ್ಳಾ ಮಿಸ್, ನಿಜವಾಗ್ಲೂ ಹಿಡೀಲಾ?"

"ನಿಜವಾಗ್ಲೂ ಹಿಡಿ," ಎಂದುಬಿಟ್ಟೆ.

ಮಣಿಕಟ್ಟು ಹಿಡಿಯುತ್ತಾಳೆಂದು ಕೈ ಚಾಚಿದ್ದೆ. ಅವಳು ಕೈಯ ಕಡೆ ನೋಡಲೇ ಇಲ್ಲ. ಮಂಡಿ ಬಗ್ಗಿಸಿ, ನೆಲಕ್ಕೆ ಭಾರ ಬಿಟ್ಟು ನನ್ನ ಸೊಂಟವನ್ನು ತಬ್ಬಿ ಹಿಡಿದಳು. ನಾನು ಒಂದು ಪಟ್ಟು ಹಾಕಿದೆ, ಇನ್ನೊಂದು ಹಾಕಿದೆ, ಮೂರನೆಯದು ನೆನಪಿಗೇ ಬರಲಿಲ್ಲ. ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು.

ಅವಳು ಗಾಬರಿಯಾಗಿ ಬಿಟ್ಟಳು. "ಹಿಡಿಯೋನು ಕೈಯನ್ನೇ ಹಿಡೀತಾನೆ ಅಂತ ಏನೈತೆ ಮಿಸ್?"

ನಾನೂ ನಕ್ಕೆ. ಉಳಿದ ಪಾಠವನ್ನು ಬೇಗಬೇಗ ಮುಗಿಸಿದೆ.

ಮಧ್ಯಾಹ್ನ ದಾವಣಗೆರೆಗೆ ಸರ್ಕಾರಿ ಬಸ್ಸು ಸಿಕ್ಕಿತು. ಹೆಂಗಸರಿಗೆ ದುಡ್ಡಿಲ್ಲದ ಟಿಕೆಟ್ಟು, ಕಾಲಿಡಲು ಜಾಗವಿಲ್ಲದ ರಶ್ಶು. ಹೊನ್ನಾಳಿ ದಾಟಿದ ಮೇಲೆ ಹಿಂದೆ ನಿಂತಿದ್ದವನೊಬ್ಬ ಬೇಕೆಂದೇ ಮೈಗೆ ಒತ್ತಿಕೊಳ್ಳತೊಡಗಿದ. ಬಸ್ಸು ಕುಲುಕಿದ್ದಕ್ಕೆ ಇರಬೇಕೆಂದು ಮೊದಲು ನನಗೆ ನಾನೇ ಹೇಳಿಕೊಂಡೆ. ಬಸ್ಸು ನಿಂತಾಗಲೂ ಅವನು ಸರಿಯಲಿಲ್ಲ. ನನಗೆ ಗೊತ್ತಿದ್ದ ಒಂದು ಹೊಡೆತಕ್ಕೂ ಅಲ್ಲಿ ಜಾಗವಿರಲಿಲ್ಲ. ನಾಲ್ಕು ಸ್ಟಾಪು ಕಲ್ಲಿನಂತೆ ನಿಂತಿದ್ದೆ. ಕೂಗೂ ಹೊರಡಲಿಲ್ಲ. ಹನ್ನೊಂದು ವರ್ಷ ನಾನು ಕಲಿಸಿದ್ದರಲ್ಲಿ ಎದುರಾಳಿಯೇ ಇರಲಿಲ್ಲವೆಂದು ಆಗ ತಿಳಿಯಿತು. ಇದ್ದದ್ದು ರೆಹಾನಾ ಒಬ್ಬಳೇ.

ಬೆಳಗಿನ ಹುಡುಗಿ ನಿಂತ ಭಂಗಿ ನೆನಪಾಯಿತು. ಕಂಬ ಹಿಡಿದು ಮಂಡಿ ಬಗ್ಗಿಸಿದೆ. ಭಾರವನ್ನೆಲ್ಲ ಕೆಳಗಿಳಿಸಿ, ಸೊಂಟದಿಂದ ಒಮ್ಮೆಲೇ ಹಿಂದಕ್ಕೆ ನೂಕಿದೆ. ಅವನು ಆಯತಪ್ಪಿ ಸೀಟಿನ ಸರಳಿಗೆ ಬಡಿದುಕೊಂಡ. ಆಗ ದನಿ ಬಂತು. "ಹಿಂದಕ್ಕೆ ಸರೀರಿ!"

"ಏನಾತ್ರೀ ಅಲ್ಲಿ?" ಎಂದ ಕಂಡಕ್ಟರ್.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಸೀಟಿನ ಹೆಂಗಸು ಹೇಳಿದಳು: "ಇಳಿಸ್ರಿ ಇವನ್ನ. ಆವಾಗ್ಲಿಂದ ನೋಡ್ತಾನೇ ಇದೀನಿ."

ಮುಂದಿನ ಸ್ಟಾಪಿನಲ್ಲಿ ಅವನನ್ನು ಇಳಿಸಿದರು. ಗೆದ್ದೆ ಅನ್ನಿಸಲಿಲ್ಲ. ದಾವಣಗೆರೆಯ ತನಕ ಕಂಬ ಬಿಡಲಿಲ್ಲ. ಅಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ತಟ್ಟೆಯಲ್ಲಿದ್ದ ಮಂಡಕ್ಕಿ ಮಿರ್ಚಿ ಹಾಗೇ ಆರಿತು.

ಶುಕ್ರವಾರ ಜಗಳೂರಿಗೆ ಸುಮಾರು ಐವತ್ತು ಕಿಲೋಮೀಟರ್. ಬಿಸಿಲು ಚುರುಗುಟ್ಟುತ್ತಿತ್ತು, ಕಿಟಕಿಯಿಂದ ಧೂಳು ಬರುತ್ತಿತ್ತು. ಹಾಸ್ಟೆಲಿನ ವಾರ್ಡನ್ ಐವತ್ತರ ಹೆಂಗಸು. "ಲಿಸ್ಟಿನಾಗೆ ಇದ್ದಂಗೆ ಮಾಡಿ ಮುಗಿಸ್ರಿ ಮೇಡಂ," ಎಂದರು.

ಪಟ್ಟುಗಳ ಆ ಲಿಸ್ಟನ್ನು ನಾನು ಬದಿಗಿಟ್ಟೆ. ನ್ಯಾಮತಿಯಲ್ಲಿ ಸೋತದ್ದು, ಬಸ್ಸಿನಲ್ಲಿ ಕಲ್ಲಿನಂತೆ ನಿಂತದ್ದು ಎಲ್ಲ ಹೇಳಿದೆ. ಬೆಂಚುಗಳನ್ನು ಹತ್ತಿರ ಎಳೆಸಿ ಬಸ್ಸಿನಂತೆ ಇಕ್ಕಟ್ಟು ಮಾಡಿ, "ನಿಮಗೆ ತಿಳಿದಂಗೆ ಹಿಡೀರಿ" ಎಂದೆ. ಎರಡು ಸಲ ನನಗೇ ಬಿಡಿಸಿಕೊಳ್ಳಲಾಗಲಿಲ್ಲ. ಮೂರನೆಯ ಸಲ ಹೇಗೋ ನುಣುಚಿದೆ. ಆಮೇಲೆ ಅವರೇ ಒಬ್ಬರನ್ನೊಬ್ಬರು ಹಿಡಿದು, ಕಿತ್ತಾಡಿ, ತಮ್ಮ ತಮ್ಮ ದಾರಿ ಹುಡುಕಿಕೊಂಡರು. ಹೀಗೆ ಹಿಡಿದರೆ ಹೀಗೆ ಎಂದು ನಾನು ಹೇಳಲಿಲ್ಲ.

ಎಲ್ಲರೂ ಊಟಕ್ಕೆ ಹೋದ ಮೇಲೆ ಸೊಕ್ಕೆ ಊರ ಕಡೆಯ ಹುಡುಗಿಯೊಬ್ಬಳು ಬೆಂಚಿನ ಹತ್ತಿರವೇ ನಿಂತಿದ್ದಳು. ಒಂಬತ್ತನೇ ಕ್ಲಾಸು.

"ಮಿಸ್, ಹಿಡಿಯೋನು ಮನೆಯೋನೇ ಆದ್ರೆ ನೂಕಬೌದಾ?"

"ನೂಕಬೇಕು. ಯಾರವ್ವಾ?"

"ಮಾವ. ನಮ್ಮವ್ವನ ತಮ್ಮ. ಭಾನುವಾರ ಕರ್ಕಂಡ್ ಹೋಗಾಕೆ ಬರ್ತಾನೆ."

ವಾರ್ಡನ್‌ಗೆ ಹೇಳೋಣವೇ ಎಂದು ಕೇಳಿದೆ. ಅವಳು ಒಪ್ಪಿದ ಮೇಲೆ ಇಬ್ಬರೂ ವಾರ್ಡನ್ ಕೋಣೆಗೆ ಹೋದೆವು. ಕೇಳುತ್ತಲೇ ಅವರು ಎದ್ದು ಬಾಗಿಲು ಮುಂದೆ ಮಾಡಿದರು. "ಮನೆ ವಿಷ್ಯ ರೀ ಇದು. ನಾವು ಹೆಂಗೆ ಕೈಹಾಕೋದು? ನಾಳೆ ಅವರು ಜಗಳಕ್ಕೆ ಬಂದ್ರೆ?"

"ಬರ್ಲಿ ಮೇಡಂ. ಜಗಳ ಆಗ್ಬೇಕಾದ್ದೇ," ಎಂದೆ. ದನಿ ನಡುಗಿತು, ಆದರೂ ಕುರ್ಚಿಯಿಂದ ಏಳಲಿಲ್ಲ. ಎರಡು ಗಂಟೆಯ ಬಸ್ಸು ತಪ್ಪಿತು. ಕಡೆಗೆ ವಾರ್ಡನ್ ಹುಡುಗಿಯ ಮುಖವನ್ನೇ ಒಂದು ಗಳಿಗೆ ನೋಡಿ ಫೋನ್ ಎತ್ತಿಕೊಂಡರು. ಅತ್ತ ಕಡೆ ಹುಡುಗಿಯ ತಾಯಿ ಎರಡೆರಡು ಸಲ ಕೇಳಿ ತಿಳಿದುಕೊಂಡಳು. ಆಮೇಲೆ, "ನಾನೇ ಬರ್ತೀನಿ, ಅವನ ಜೊತೆ ಕಳಿಸಬ್ಯಾಡ್ರಿ," ಎಂದಳು.

ನಾಲ್ಕರ ಬಸ್ಸು ಹಿಡಿದು ದಾವಣಗೆರೆ ಮೇಲೆ ಚನ್ನಗಿರಿಗೆ ಬಂದೆ. ಆ ತಾಯಿ ಮಾತು ಉಳಿಸಿಕೊಳ್ಳುತ್ತಾಳೋ, ತಮ್ಮನ ಮಾತಿಗೆ ಕರಗುತ್ತಾಳೋ ಎಂದು ದಾರಿಯುದ್ದಕ್ಕೂ ಅದೇ ಯೋಚನೆ. ಶನಿವಾರ ಕ್ಲಾಸು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಭಾನುವಾರ ಮಧ್ಯಾಹ್ನ ವಾರ್ಡನ್ನೇ ಫೋನ್ ಮಾಡಿದರು.

"ತಾಯಿ ಬಂದು ಕರ್ಕಂಡ್ ಹೋದ್ರು ರೀ. ಅದಕ್ಕೂ ಮುಂಚೆ ಅವನೂ ಬಂದಿದ್ದ, ಭಾಳ ಕೂಗಾಡ್ದ."

"ನೀವೇನ್ ಮಾಡಿದ್ರಿ?"

"ನಂಗೂ ಕೈಕಾಲು ನಡುಗ್ತಿತ್ತು. ಗೇಟು ಮಾತ್ರ ತೆಗೀಲಿಲ್ಲ."