ಬೀಳುವುದಕ್ಕೆ ತೆಗೆದ ಅಳತೆ

ನಮ್ಮ ಮನೆಯಲ್ಲಿ ಮಿಕ್ಸರಿನ ಕೆಳಗೊಂದು, ಮುಂಬಾಗಿಲ ಹೊರಗೊಂದು, ನನ್ನ ಹೊಲಿಗೆ ಯಂತ್ರದ ಕಾಲಡಿಯಲ್ಲೊಂದು, ಅತ್ತೆಯವರ ಮಂಚದ ಮೇಲೊಂದು, ಹೀಗೆ ನಾಲ್ಕು ಕಡೆ ಒಂದೇ ವಸ್ತುವಿನ ನಾಲ್ಕು ತುಂಡುಗಳು ಬಿದ್ದುಕೊಂಡಿವೆ. ಅದನ್ನು ಬಟ್ಟೆ ಎನ್ನಲು ದಪ್ಪ ಹೆಚ್ಚಾಯಿತು, ಕಂಬಳಿ ಎನ್ನಲು ಮೃದುತ್ವ ಸಾಲದಾಯಿತು. ದಾಂಡೇಲಿಯವರಾದ ನಾವು ಅದನ್ನು ಫೆಲ್ಟ್ ಎಂದು ಕರೆದು ಸುಮ್ಮನಾಗಿದ್ದೇವೆ. ಕಾಗದದ ಗಿರಣಿಯ ಯಂತ್ರದೊಳಗೆ ಹಸಿ ಕಾಗದವನ್ನು ಬೆನ್ನ ಮೇಲೆ ಹೊತ್ತು, ಅದರ ನೀರನ್ನೆಲ್ಲ ತಾನು ಹೀರಿ, ಹಗಲಿರುಳು ಸುತ್ತಿ ಸುತ್ತಿ ಸವೆದ ಮೇಲೆ ಗುಜರಿಯವರ ಕೈಗೆ ಬಂದು, ಅಲ್ಲಿಂದ ಊರಿನ ಮನೆಮನೆಗೂ ಹರಡುವ ಈ ಹಾಸು ಎಷ್ಟು ತುಳಿದರೂ ಬೇಸರಿಸುವುದಿಲ್ಲ. ಇಪ್ಪತ್ತು ವರ್ಷ ಅದರ ಮೇಲೆ ಕಾಲೊರೆಸಿದ ನಾನು, ಅದನ್ನು ಒಮ್ಮೆಯೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ನೋಡುವಂತೆ ಮಾಡಿದವಳು ನನ್ನ ಮಗಳು ಪಲ್ಲವಿ. ಹದಿನಾರರ ಈ ಹುಡುಗಿಗೆ ಫಿಗರ್ ಸ್ಕೇಟಿಂಗಿನ ಹುಚ್ಚು. ಮಂಜುಗಡ್ಡೆ ಎನ್ನುವುದನ್ನು ನಾವು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಹಾಗಾಗಿ ಇಲ್ಲಿಯದು ಚಕ್ರದ ಬೂಟು, ಸಮುದಾಯ ಭವನದ ಸಿಮೆಂಟು ನೆಲ, ಬೆಳಗಾವಿಯಲ್ಲಿ ಕಲಿತು ಬಂದ ಒಬ್ಬ ಮೇಡಂ. ಬೇಗ ಓಡುವುದು ಈ ಆಟದ ಉದ್ದೇಶವಲ್ಲ. ತಿರುಗಬೇಕು, ಒಂದು ಕಾಲೆತ್ತಿ ತೇಲಬೇಕು, ಜಿಗಿದು ಗಾಳಿಯಲ್ಲೇ ಒಂದು ಸುತ್ತು ಸುತ್ತಿ ಬಲಗಾಲ ಮೇಲೆ ಇಳಿಯಬೇಕು. ನೋಡಲು ಬಹಳ ಚೆಂದ, ನೋಡುತ್ತಿರುವವಳು ತಾಯಿ ಆಗಿರದಿದ್ದರೆ.

ಸಂಕ್ರಾಂತಿ ಕಳೆದ ವಾರ, ಆ ಇಳಿಯುವಲ್ಲಿ ಕಾಲು ಜಾರಿ ಅವಳು ಬಲಸೊಂಟ ಊರಿ ಬಿದ್ದಳು. ಆ ಸದ್ದು ನನಗೆ ಈಗಲೂ ಕೇಳುತ್ತದೆ. ಎಕ್ಸ್‌ರೇ ತೆಗೆದ ಡಾಕ್ಟರು ಮೂಳೆಗೆ ಏನೂ ಆಗಿಲ್ಲ ಎಂದರು. ಮೂರು ವಾರ ಅವಳು ಒಂದೇ ಮಗ್ಗುಲಲ್ಲಿ ಮಲಗಿದಳು; ಸೊಂಟದ ಮೇಲಿನ ನೀಲಿ ಹಸಿರಾಗಿ, ಹಸಿರು ಹಳದಿಯಾಗಿ, ಕೊನೆಗೆ ಮಾಯವೂ ಆಯಿತು. ಹೆದರಿಕೆ ಮಾತ್ರ ಮಾಯವಾಗಲಿಲ್ಲ. ಮತ್ತೆ ಬೂಟು ಕಟ್ಟಿದ ಪಲ್ಲವಿ ಎಲ್ಲ ಮಾಡುವಳು, ಜಿಗಿಯುವ ಜಾಗಕ್ಕೆ ಬರುವಳು, ಅಲ್ಲಿ ಕಾಲು ಕಟ್ಟಿಹಾಕಿದಂತೆ ನಿಂತುಬಿಡುವಳು. ಹೀಗೆ ತಿಂಗಳು ಕಳೆಯಿತು. ಒಂದು ಸಂಜೆ ಬೂಟಿನ ಲೇಸು ಬಿಚ್ಚುತ್ತ, ನನ್ನ ಮುಖ ನೋಡದೆ ಹೇಳಿದಳು, "ಬಿಟ್ಟಬಿಡ್ತೇನವ್ವಾ. ಆಗವಲ್ದು ನನ್ನ ಕಡೆಯಿಂದ."

ನಿಮ್ಮ ಹತ್ತಿರ ಮುಚ್ಚಿಡುವುದೇನು, ಈ ಮಾತನ್ನು ಕೇಳಲೆಂದೇ ನಾನು ಎರಡು ವರ್ಷದಿಂದ ಕಾಯುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೆದರಿಕೆಯಾದರೂ ಸಿಟ್ಟಾಗಿಯೇ ಹೊರಬರುತ್ತದೆ. ಈ ಆಟದ ಮೇಲೆ ನಾನು ಸಿಡುಕಿದ್ದಕ್ಕೆ ಲೆಕ್ಕವಿಲ್ಲ. ಆದರೆ ಅವಳು ತಾನಾಗಿ ಬಿಡುತ್ತೇನೆ ಎಂದಾಗ ಸಂತೋಷವಾಗಲಿಲ್ಲ. ಸಾಕಾಗಿ ಬಿಡುವುದು ಬೇರೆ, ಸೋತು ಬಿಡುವುದು ಬೇರೆ. "ಬಿಡೂದು ಆಮ್ಯಾಲ ನೋಡೂಣು. ಮೊದಲ ಬಿದ್ರ ನೋವಾಗಧಂಗ ಏನರ ಮಾಡೂಣು," ಎಂದೆ. ಅಂದ ಮೇಲೆ ನನಗೇ ಆಶ್ಚರ್ಯವಾಯಿತು.

ಪೇಟೆಯಲ್ಲಿ ಸಿಕ್ಕಿದ್ದು ಮೊಣಕಾಲಿಗೆ ಕಟ್ಟುವ ಚಿಪ್ಪು ಮಾತ್ರ. ಆನ್‌ಲೈನಿನಲ್ಲಿ ತರಿಸಿದ ಸೊಂಟದ ಮೆತ್ತೆಯೊಳಗೆ ನಮ್ಮ ಪಲ್ಲವಿಯಂಥವರು ಇಬ್ಬರು ಹಿಡಿಸುತ್ತಿದ್ದರು. ಸರಿ, ನಾನೇ ಹೊಲಿಯುವುದೆಂದಾಯಿತು. ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯುವವಳು ನಾನು, ಇದೇನು ಮಹಾ ಎಂದುಕೊಂಡು ಟೇಪು ಹಿಡಿದೆ. ಹಿಡಿದವಳು ಹಾಗೇ ನಿಂತೆ. ಇಷ್ಟು ವರ್ಷ ನಾನು ಅಳತೆ ತೆಗೆದದ್ದೆಲ್ಲ ನೆಟ್ಟಗೆ ನಿಂತವರದ್ದು. ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು, ತಾವು ಇರುವುದಕ್ಕಿಂತ ಒಂದಿಂಚು ಚೆನ್ನಾಗಿ ನಿಂತವರದ್ದು. ಬೀಳುವಾಗ ನನ್ನ ಅಳತೆ ಎಷ್ಟು ಎಂದು ಕೇಳಿಕೊಂಡು ನನ್ನ ಬಾಗಿಲಿಗೆ ಯಾರೂ ಬಂದಿರಲಿಲ್ಲ. ನಾವು ಹಬ್ಬಕ್ಕೆ, ಮದುವೆಗೆ, ಫೋಟೋಕ್ಕೆ ಬಟ್ಟೆ ಹೊಲಿಸುತ್ತೇವೆ. ಬಿದ್ದೇ ಬೀಳುವ ಆ ಒಂದು ದಿನಕ್ಕೆ ಹೊಲಿಸುವುದಿಲ್ಲ. ಕಾಳಿ ನದಿಯಲ್ಲಿ ದೋಣಿ ಹತ್ತುವ ಪ್ರವಾಸಿಗರಾದರೂ ನೀರಿಗೆ ಬೀಳುತ್ತೇವೆಂದು ಮೊದಲೇ ಒಪ್ಪಿಕೊಂಡು ಜಾಕೆಟ್ಟು ತೊಡುತ್ತಾರೆ. ಅವರನ್ನು ನೋಡಿ ನಾನು ನಕ್ಕಿದ್ದೂ ಉಂಟು.

ಮೊದಲು ಹಳೆಯ ಸೋಫಾದ ಸ್ಪಂಜು ಕತ್ತರಿಸಿದೆ; ಹೆಬ್ಬೆರಳಿನಿಂದ ಒತ್ತಿದರೆ ಉಗುರು ನೆಲಕ್ಕೇ ತಾಗಿತು. ಹತ್ತಿ ತುಂಬಿದೆ; ಒಂದು ಮೂಲೆಗೆ ಗಂಟಾಗಿ ಕೂತಿತು. ನನ್ನ ಪಾಡು ನೋಡುತ್ತ ಮಂಚದ ಮೇಲೆ ಕೂತಿದ್ದ ಅತ್ತೆಯವರು ತಾವು ಕೂತ ಫೆಲ್ಟನ್ನೇ ಬಡಿದು ತೋರಿಸಿದರು. "ನಲವತ್ತ ವರ್ಷ ನನ್ನ ಭಾರ ಹೊತ್ತೈತಿ. ಈ ಹುಡುಗೀನ ಹೊರೂದಿಲ್ಲೇನು?"

ಧಾರವಾಡದ ಕಡೆಯ ಹಳ್ಳಿಯಲ್ಲಿ ಹುಟ್ಟಿದ ನನ್ನ ಅತ್ತೆ, ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಗುಜರಿಯಿಂದ ಫೆಲ್ಟಿನ ಇನ್ನೊಂದು ತುಂಡು ತಂದೆವು. ನಾನು ಮೂರು ಪದರ ಕತ್ತರಿಸಿದೆ, ಮೇಲಿನದಕ್ಕಿಂತ ಕೆಳಗಿನದು ಒಂದಿಷ್ಟು ಚಿಕ್ಕದು, ಅಂಚು ಬಟ್ಟೆಯೊಳಗಿಂದ ಎದ್ದು ಕಾಣದಿರಲೆಂದು. ಅವರು ಅದಕ್ಕೆ ತಮ್ಮ ಹಳೆಯ ಇಳಕಲ್ ಸೀರೆಯ ಹೊದಿಕೆ ಹಾಕಿ, ಕೌದಿಗೆ ಹಾಕುವಂತೆಯೇ ಸಾಲು ಸಾಲಾಗಿ ಒತ್ತಾಗಿ ಹೊಲಿದರು. ತಯಾರಾದ ಮೆತ್ತೆಯನ್ನು ಪರೀಕ್ಷಿಸಬೇಕಲ್ಲ. ಸೊಂಟಕ್ಕೆ ಕಟ್ಟಿಕೊಂಡು ಅಡಿಗೆಮನೆಯ ಫರಸಿಕಲ್ಲಿನ ನೆಲದ ಮೇಲೆ ನಾನೇ ಬೀಳಲು ನಿಂತೆ. ನಿಂತೇ ಇದ್ದೆ. ಬೇಕೆಂದು ಬೀಳುವುದು ಎಷ್ಟು ಕಷ್ಟವೆಂದು ನೀವೂ ಒಮ್ಮೆ ಪ್ರಯತ್ನಿಸಿ ನೋಡಿ: ಮನಸ್ಸು ಬೀಳು ಎನ್ನುತ್ತದೆ, ಕೈ ಮಾತ್ರ ಯಾರನ್ನೂ ಕೇಳದೆ ಗೋಡೆ ಹಿಡಿಯುತ್ತದೆ. ಮಗಳ ಕಾಲು ಏಕೆ ನಿಲ್ಲುತ್ತಿತ್ತೆಂದು ನನಗೆ ಅರ್ಥವಾದದ್ದು ಅಲ್ಲಿ. ಅಷ್ಟು ದಿನ ಅವಳಿಗೆ ಧೈರ್ಯವಿಲ್ಲವೆಂದು ಬೈದದ್ದನ್ನೆಲ್ಲ ಮನಸ್ಸಿನಲ್ಲೇ ಹಿಂತೆಗೆದುಕೊಂಡೆ. ಕೊನೆಗೆ ಕಣ್ಣು ಮುಚ್ಚಿ ಬಿದ್ದೆ; ಪಾತ್ರೆಗಳೆಲ್ಲ ಗಡಗಡ ಎಂದವು, ನನಗೇನೂ ಆಗಲಿಲ್ಲ.

ಇಷ್ಟಕ್ಕೇ ಕಥೆ ಮುಗಿಯಬೇಕಿತ್ತು. ಆದರೆ ಮರುದಿನ ಸಂಜೆ ಮೆತ್ತೆ ತೊಟ್ಟು ಎರಡು ಸುತ್ತು ಹೊಡೆದ ಪಲ್ಲವಿ ನಡುವೆಯೇ ನಿಂತಳು, ಸೊಂಟ ಹಿಡಿದಳು, ತಿಂಗಳಿಂದ ನೆಲ ಬಿಡದ ಎರಡೂ ಕಾಲನ್ನು ಒಟ್ಟಿಗೇ ಎತ್ತಿ ಹಾರಿದಳು. ಅದನ್ನು ಜಿಗಿತವೆಂದು ಒಪ್ಪಲು ಮೇಡಂ ತಯಾರಿರಲಿಲ್ಲ. ಒಳಗೆ ಹೋಗಿ ಮೆತ್ತೆ ಬಿಚ್ಚಿ ನೋಡಿದರೆ ಕೆಂಪಿರುವೆಗಳ ಸಾಲು. ಮನೆಗೆ ತಂದು ಹೊಲಿಗೆ ಕಿತ್ತರೆ, ಕೊನೆಯ ಮೂಲೆಯಲ್ಲಿ ಹೋಳಿಗೆಯ ತುಣುಕು.

ನಮ್ಮ ಅತ್ತೆಯವರ ತವರಲ್ಲಿ ಒಂದು ಪದ್ಧತಿ: ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ತುಣುಕು ಹೋಳಿಗೆ ಇಟ್ಟು ಅದರ ಹೊಟ್ಟೆ ತುಂಬಿಸುತ್ತಾರೆ. ಹೊಟ್ಟೆ ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ಹೋಳಿಹುಣ್ಣಿಮೆಯ ಹೋಳಿಗೆ ಮನೆಯಲ್ಲಿತ್ತು, ಅವರ ಕೈ ಸುಮ್ಮನಿರಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿತು. "ಆಟದ ಸಾಮಾನಿನ್ಯಾಗ ಹೋಳಗಿ ಇಡ್ತಾರೇನ್ರಿ ಅತ್ತಿ?" ಎಂದು ಕೂಗಿಯೇಬಿಟ್ಟೆ. ಅತ್ತೆ ತಲೆ ತಗ್ಗಿಸಿ, "ಹೊಟ್ಟಿ ಖಾಲಿ ಬಿಟ್ಟು ಒಂದ ಕೌದಿನೂ ಮುಗಿಸಿಲ್ಲವಾ ನಾ. ಹುಡುಗಿ ಬೀಳೂ ಜಾಗಾ, ಅಂತ ಇಟ್ಟೆ," ಎಂದರು.

ಆಗ ನಕ್ಕವಳು ಪಲ್ಲವಿ. ಬಿದ್ದಂದಿನಿಂದ ನಗದಿದ್ದ ಹುಡುಗಿ ಇರುವೆ ಕಚ್ಚಿದ ಜಾಗ ಕೆರೆದುಕೊಳ್ಳುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೆತ್ತೆಯನ್ನು ಒಗೆದು ಒಣಗಿಸಿ ಮತ್ತೆ ಹೊಲಿಯುವಾಗ, ಕೊನೆಯ ಮೂಲೆ ಬಂದಕೂಡಲೇ ಡಬ್ಬಿಯಿಂದ ಹೋಳಿಗೆ ತೆಗೆದು ಅಜ್ಜಿಯ ಬಾಯಿಗೇ ಇಟ್ಟಳು. "ಹೊಲದಾಕಿ ಹೊಟ್ಟಿ ತುಂಬ್ತು, ಇನ್ನ ಮುಚ್ಚಜ್ಜಿ." ಬಾಯಿ ತುಂಬ ಹೋಳಿಗೆ ಇದ್ದ ಅತ್ತೆ ಎದುರು ಮಾತಾಡದೆ ಗಂಟು ಹಾಕಿದರು.

ಮರುವಾರ ಸಮುದಾಯ ಭವನಕ್ಕೆ ನಾನೂ ಹೋದೆ. ಹುಕ್ಕು ಹಚ್ಚಬೇಕಾದ ಒಂದು ರವಿಕೆ ಕೈಯಲ್ಲಿತ್ತು. ಪಲ್ಲವಿ ಸುತ್ತು ಬಂದಳು, ಆ ಜಾಗಕ್ಕೆ ಬಂದಳು, ಜಿಗಿದಳು, ಬಿದ್ದಳು. ಅದೇ ಬಲಸೊಂಟ. ನಾನು ರವಿಕೆ ಚೆಲ್ಲಿ ಎದ್ದು ನಿಂತಿದ್ದೆ. ನೆಲದ ಮೇಲೆ ಕೂತ ಅವಳು ಒಂದು ಕ್ಷಣ ಏನನ್ನೋ ಕಾಯುವವಳ ಹಾಗೆ ಕಾದಳು. ಕಾದ ನೋವು ಬರಲಿಲ್ಲ. "ಅವ್ವಾ, ಏನೂ ಆಗಲಿಲ್ಲ," ಎಂದಳು, ಮೋಸಹೋದವಳ ದನಿಯಲ್ಲಿ. ನಾನು ಚೆಲ್ಲಿದ ರವಿಕೆಯನ್ನು ಎತ್ತಿಕೊಂಡು ಮತ್ತೆ ಕೂತೆ.

ಇನ್ನು ಮೇಲೆ ಬೀಳಲಾರಳು ಎಂಬ ಆಸೆಯಿಂದಲೇ ನಾನು ಮೆತ್ತೆ ಹೊಲಿದದ್ದಿರಬೇಕು. ಆದದ್ದು ಪೂರ್ತಿ ಉಲ್ಟಾ. ಆ ಒಂದೇ ಸಂಜೆ ಅವಳು ಒಂಬತ್ತು ಸಲ ಬಿದ್ದಳು, ನಡುವೆ ಎರಡು ಸಲ ನೆಟ್ಟಗೆ ಇಳಿದಳು. ಎರಡನೆಯ ಸಲ ಬಿದ್ದಾಗ ನಾನು ಅರ್ಧ ಎದ್ದೆ. ನಾಲ್ಕನೆಯ ಸಲಕ್ಕೆ ಕತ್ತು ಮಾತ್ರ ಉದ್ದ ಮಾಡಿದೆ. ಒಂಬತ್ತನೆಯ ಸಲ ಧಪ್ ಎಂದಾಗ ಕೊನೆಯ ಹುಕ್ಕು ಹಚ್ಚುತ್ತಿದ್ದೆ. ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ರವಿಕೆಯನ್ನು ಮಡಚಿಟ್ಟ ಮೇಲೆ ತಲೆ ಎತ್ತಿದೆ. ಅಷ್ಟರಲ್ಲಿ ಅವಳು ಎದ್ದು, ಇನ್ನೊಂದು ಸುತ್ತಿನ ಅರ್ಧದಲ್ಲಿದ್ದಳು.