ಪರದೆಯ ಸಂದಿನಿಂದ ಹೇಳಿಕೊಟ್ಟ ಮಾತು

ಗಿರಿಜಕ್ಕ, ಅಂದು ವೇದಿಕೆಯ ಮೇಲೆ ನೀವು ಹೇಳಿದ ಮಾತು ನಿಮ್ಮದಲ್ಲ, ನನ್ನದು. ಆರು ವರ್ಷದಿಂದ ಭಾಂಡುಪಿನ ಕನ್ನಡದವರೆಲ್ಲ ಅದು ನಿಮ್ಮ ಕರುಳಿನ ಮಾತೆಂದೇ ನಂಬಿದ್ದಾರೆ. ನಾನು ತುಟಿ ಬಿಚ್ಚಿಲ್ಲ.

ನಿಮ್ಮ ಮಗ ಸಂದೀಪ ಗಡಿಯ ಯುದ್ಧದಲ್ಲಿ ತೀರಿಹೋದಾಗ ನಮ್ಮ ಬಿಲ್ಡಿಂಗಿನಲ್ಲಿ ಅಳದವರಿರಲಿಲ್ಲ. ನಾನೂ ಅತ್ತೆ — ಆಮೇಲೆ ಪೆನ್ನು ಹಿಡಿದೆ. ಇಲ್ಲಿನ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ಬರೆಯುವವಳೂ ನಾನೇ, ಪರದೆಯ ಸಂದಿನಲ್ಲಿ ನಿಂತು ನಟರಿಗೆ ಮಾತು ಹೇಳಿಕೊಡುವವಳೂ ನಾನೇ. ಯೋಧರ ಮನೆಯವರ ಸಂಕಟ ಬರೆಯುತ್ತೇನೆಂದು ನಿಮ್ಮ ಅಡುಗೆಮನೆಯಲ್ಲಿ ಮೂರು ಭಾನುವಾರ ಕುಳಿತೆ. ಅಲಸಂಡೆ ಮುರಿಯುತ್ತ ನೀವು ಒಂದೇ ಸಲ ಹೇಳಿದಿರಿ:

“ರಜೆ ಮುಗಿದಾಗ ಅವನಿಗೆ ಹೋಗ್ಲಿಕ್ಕೆ ಮನಸ್ಸಿರ್ಲಿಲ್ಲ ಮಾರಾಯ್ತಿ. ಇನ್ನೆರಡು ದಿನ ಇರ್ತೇನೆ ಅಮ್ಮ ಅಂದ. ಟಿಕೆಟ್ ಆಗಿದೆ, ಹೋಗು ಅಂತ ನಾನೇ ಕಳಿಸಿದ್ದು. ನಾಲ್ಕನೇ ದಿನಕ್ಕೆ ಫೋನು ಬಂತು.”

ಬರೆಯಬೇಕಾಗಿದ್ದದ್ದು ಅದೊಂದೇ. ಬರೆದೆನೇ? ಇಲ್ಲ. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎಂದಿತು ನನ್ನ ಅತಿಬುದ್ಧಿ — ಬೇರೆ ಯಾರ ಒತ್ತಾಯವೂ ಇರಲಿಲ್ಲ. ನಾಟಕದ ತಾಯಿಯ ಬಾಯಲ್ಲಿ ‘ಇನ್ನೊಬ್ಬ ಮಗನಿದ್ದಿದ್ದರೆ ಅವನನ್ನೂ ಕಳಿಸುತ್ತಿದ್ದೆ’ ಎಂದು ಹೇಳಿಸಿದೆ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ.

ಅಷ್ಟಕ್ಕೇ ನಿಂತಿದ್ದರೆ! ಆದರೆ ಶಾಲು, ಹಣ್ಣಿನ ತಟ್ಟೆ ಇಲ್ಲದೆ ನಮ್ಮ ಸಂಘದ ಯಾವ ಕಾರ್ಯಕ್ರಮ ಮುಗಿದಿದೆ? ನಾಟಕ ಮುಗಿದದ್ದೇ ನಿಮ್ಮನ್ನು ಮೇಲೆ ಕರೆದು, ಶಾಲು ಹೊದಿಸಿ, ಮೈಕು ಕೈಗಿತ್ತು, ಎರಡು ಮಾತಾಡಿ ಎಂದರು. ನೀವು ಸುಮ್ಮನೆ ನಿಂತಿರಿ. ನಿಮಗೆ ಹೇಳುವುದೇನೂ ಇರಲಿಲ್ಲ, ಅಷ್ಟೆ. ನನ್ನ ಹಾಳು ಅಭ್ಯಾಸಕ್ಕೆ ನೀವು ಮಾತು ಮರೆತ ನಟಿಯಂತೆ ಕಂಡಿರಿ — ಪರದೆಯ ಸಂದಿನಿಂದ ಅದೇ ಸಾಲು ಪಿಸುಗುಟ್ಟಿದೆ. ಗಾಬರಿಯಲ್ಲಿ ನೀವು ಹಾಗೆಯೇ ಒಪ್ಪಿಸಿದಿರಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮೊದಲ ಸಾಲಿನಲ್ಲಿದ್ದ ನಿಮ್ಮ ಯಜಮಾನರು ತಟ್ಟಲಿಲ್ಲ. ಮನೆಗೆ ಬಂದ ಮೇಲೆ ಕೇಳಿದರಂತೆ: “ಒಬ್ಬ ಸಾಕಾಗ್ಲಿಲ್ವಾ ನಿನಗೆ?” ಅಂದಿನಿಂದ ಒಂದೇ ಮನೆಯಲ್ಲಿ ಇಬ್ಬರಿಗೂ ಮಾತಿಲ್ಲ. ಅವರೆದುರು ನನ್ನ ಹೆಸರನ್ನು ನೀವು ಹೇಳಲೇ ಇಲ್ಲ. ಏಕೆಂದು ಕೇಳಿದರೆ, “ಮೈಕಿನಲ್ಲಿ ಹೇಳಿದ್ದು ನಾನೇ ಅಲ್ವಾ?” ಎಂದಿರಿ. ನಾನೋ — ಎಂಥ ಹೆಂಗಸು ನಾನು — ಬಚಾವಾದೆ ಎಂದುಕೊಂಡು ಮೆಟ್ಟಿಲಿಳಿದೆ. ಆ ವರ್ಷ ಅದಕ್ಕೆ ಸಿಕ್ಕ ಉತ್ತಮ ನಾಟಕದ ಫಲಕ ಇನ್ನೂ ನಮ್ಮ ಶೋಕೇಸಿನಲ್ಲಿದೆ. ಅದರ ಧೂಳು ಒರೆಸುವಾಗಲೆಲ್ಲ ನನ್ನ ಮೇಲೆ ನನಗೇ ರೇಗುತ್ತದೆ, ಆದರೂ ಒರೆಸುತ್ತೇನೆ.

ಈ ವರ್ಷ ಅದೇ ನಾಟಕವನ್ನು ಮತ್ತೆ ಆಡುತ್ತಾರಂತೆ. ಕೊನೆಯಲ್ಲಿ ನಿಮ್ಮನ್ನೇ ಕರೆಸಿ ಅದೇ ಮಾತು ಹೇಳಿಸಬೇಕಂತೆ. ಅದಕ್ಕೆ ನಿಮ್ಮನ್ನು ಒಪ್ಪಿಸುವ ಕೆಲಸ ನನ್ನದಂತೆ! ಆಗುವುದಿಲ್ಲ ಎಂದು ಹೇಳಿ, ನಾಟಕದ ಪ್ರತಿಯನ್ನು ವಾಪಸು ತಂದಿದ್ದೇನೆ. ಅಷ್ಟರಿಂದ ನಿಮ್ಮ ಮನೆಗೆ ಮಾತು ಮರಳುವುದಿಲ್ಲ, ಗೊತ್ತು.

ನಾಳೆ ಬೆಳಿಗ್ಗೆ ಮೇಲೆ ಬರುತ್ತೇನೆ, ನಿಮ್ಮ ಯಜಮಾನರನ್ನು ನೋಡಲು. ಆ ಮಾತು ಯಾರದೆಂದು ಅವರೆದುರು ನಿಂತು ಹೇಳಬೇಕು. ಎಲ್ಲಿಂದ ಶುರುಮಾಡಲಿ ಎಂದು ತಿಳಿಯದೆ ಕಾಗದದ ಮೇಲೆ ಕಾಗದ ಹರಿಯುತ್ತಿದ್ದೇನೆ. ನನಗೆ ಹೇಳಿಕೊಡಲು ಪರದೆಯ ಹಿಂದೆ ಯಾರೂ ಇಲ್ಲ.